ಇಂದಿನ ರೊಟ್ಟಿಯೋ, ನಾಳೆಯ ರೊಟ್ಟಿಯೋ?

ಕ್ರೈಸ್ತರ ಮನೆಯ ಮಕ್ಕಳು ಮಾತು ಕಲಿಯುತ್ತಿದ್ದಂತೆಯೇ ಬಾಯಿಪಾಠ ಮಾಡುವ ಪ್ರಾರ್ಥನೆ ಒಂದಿದೆ. ಯೇಸುಕ್ರಿಸ್ತ ತನ್ನ ಶಿಷ್ಯರಿಗೆ ಕಲಿಸಿದನೆಂದು ಬೈಬಲ್ ಹೇಳುವ ಆ ಪುಟ್ಟ ಪ್ರಾರ್ಥನೆಗೆ 'ಕರ್ತನ ಪ್ರಾರ್ಥನೆ' ಎಂದು ಹೆಸರು. ಭಾನುವಾರದ ಆರಾಧನೆಯಲ್ಲಿ, ಮದುವೆಯಲ್ಲಿ, ಸತ್ತವರನ್ನು ಮಣ್ಣು ಮಾಡುವಾಗ, ರಾತ್ರಿ ಮಲಗುವ ಮುನ್ನ ಇದನ್ನು ಹೇಳುವ ರೂಢಿ ಎರಡು ಸಾವಿರ ವರ್ಷಗಳಿಂದ ನಡೆದುಬಂದಿದೆ.

ಈ ಪ್ರಾರ್ಥನೆ ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ ಎಂಬ ದೊಡ್ಡ ಮಾತುಗಳಿಂದ ಆರಂಭವಾಗುತ್ತದೆ. ಕ್ಷಮೆ, ಶೋಧನೆ, ಕೇಡು ಎಂಬ ಅಷ್ಟೇ ದೊಡ್ಡ ಮಾತುಗಳಿಂದ ಮುಗಿಯುತ್ತದೆ. ಇವೆರಡರ ನಟ್ಟನಡುವೆ ಒಂದು ಸಣ್ಣ ಬೇಡಿಕೆ ಇದೆ. ಅದು ರೊಟ್ಟಿಯ ಬೇಡಿಕೆ. ಎಂಥ ರೊಟ್ಟಿ ಎಂಬುದನ್ನು ಹೇಳಲು ಗ್ರೀಕ್ ಮೂಲದಲ್ಲಿ ಒಂದೇ ಒಂದು ವಿಶೇಷಣವಿದೆ: 'ಎಪಿಯೂಸಿಯೊಸ್'. ಕೋಟ್ಯಂತರ ಜನ ದಿನವೂ ತಮ್ಮ ತಮ್ಮ ಭಾಷೆಗಳಲ್ಲಿ ಉಚ್ಚರಿಸುವ ಈ ಪದದ ಅರ್ಥವೇನು? ವಿಚಿತ್ರವೆಂದರೆ, ಅದನ್ನು ಖಚಿತವಾಗಿ ಬಲ್ಲವರು ಯಾರೂ ಇಲ್ಲ!

ಎಲ್ಲೂ ಕಾಣದ ಪದ

ಹೊಸ ಒಡಂಬಡಿಕೆಯ ಪುಸ್ತಕಗಳು ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಕರ್ತನ ಪ್ರಾರ್ಥನೆ ಅದರಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ತುಸು ದೀರ್ಘವಾಗಿ, ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಚಿಕ್ಕದಾಗಿ. ಎರಡರಲ್ಲೂ ರೊಟ್ಟಿಗೆ ಇದೇ ವಿಶೇಷಣ. ಆದಿಕಾಲದ ಕ್ರೈಸ್ತರ ಕೈಪಿಡಿಯಾದ 'ದಿದಾಖೆ'ಯಲ್ಲೂ ಇದೇ ಪ್ರಾರ್ಥನೆ, ಇದೇ ಪದ. ಅಲ್ಲಿಗೆ ಮುಗಿಯಿತು. ಹೋಮರನ ಕಾಲದಿಂದ ಹಿಡಿದು ಸುವಾರ್ತೆಗಳ ಕಾಲದವರೆಗಿನ ಅಪಾರ ಗ್ರೀಕ್ ಸಾಹಿತ್ಯದಲ್ಲಿ, ನಾಟಕದಲ್ಲಿ, ತತ್ತ್ವಶಾಸ್ತ್ರದಲ್ಲಿ, ಶಾಸನಗಳಲ್ಲಿ ಈ ಪದ ಸಿಗುವುದಿಲ್ಲ. ನಂತರದ ಕಾಲದಲ್ಲಿ ಸಿಗುವುದೆಲ್ಲ ಈ ಪ್ರಾರ್ಥನೆಯನ್ನೇ ಕುರಿತ ಬರಹಗಳಲ್ಲಿ.

'ದಿನನಿತ್ಯದ' ಎನ್ನಲು ಗ್ರೀಕಿನಲ್ಲಿ ಪದಗಳಿಗೆ ಬರವಿರಲಿಲ್ಲ. ಹೊಸ ಒಡಂಬಡಿಕೆಯಲ್ಲೇ ಅಂಥ ಪದಗಳಿವೆ. ಯಾಕೋಬನ ಪತ್ರದಲ್ಲಿ ಅಂದಂದಿನ ಊಟಕ್ಕೂ ಗತಿಯಿಲ್ಲದ ಬಡವರ ಪ್ರಸ್ತಾಪ ಬರುತ್ತದೆ. ಅಲ್ಲಿ ಬಳಸಿರುವುದು 'ಎಫೆಮೆರೊಸ್' ಎಂಬ ಮಾಮೂಲಿ ಪದ. ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ವಿಧವೆಯರಿಗೆ ದಿನವೂ ನಡೆಯುತ್ತಿದ್ದ ಹಂಚಿಕೆಗೆ ಇನ್ನೊಂದು ಪದವಿದೆ. ಇಷ್ಟು ಸಲೀಸಾದ ಪದಗಳಿರುವಾಗ ಯಾರೂ ಕೇಳರಿಯದ ಪದವೊಂದು ಪ್ರಾರ್ಥನೆಯ ನಡುವೆ ಬಂದು ಕುಳಿತದ್ದಾದರೂ ಏಕೆ?

ಈ ಪ್ರಶ್ನೆ ಹೊಸದಲ್ಲ. ಕ್ರಿ.ಶ. ಮೂರನೇ ಶತಮಾನದ ಪೂರ್ವಾರ್ಧದಲ್ಲಿ ಅಲೆಕ್ಸಾಂಡ್ರಿಯದ ಪಂಡಿತ ಒರಿಗೆನ್ ಪ್ರಾರ್ಥನೆಯನ್ನು ಕುರಿತು ಒಂದು ಗ್ರಂಥ ಬರೆದ. ಗ್ರೀಕ್ ಅವನ ಮಾತೃಭಾಷೆ. ಗ್ರೀಕ್ ಪಂಡಿತರ ಬರಹಗಳಲ್ಲಾಗಲಿ, ಜನಸಾಮಾನ್ಯರ ಮಾತಿನಲ್ಲಾಗಲಿ ಈ ಪದ ಬಳಕೆಯಲ್ಲಿಲ್ಲ, ಸುವಾರ್ತೆ ಬರೆದವರೇ ಇದನ್ನು ಟಂಕಿಸಿರುವಂತೆ ಕಾಣುತ್ತದೆ ಎಂದು ಅವನು ಬರೆದಿಟ್ಟಿದ್ದಾನೆ. ಸುವಾರ್ತೆಗಳು ರಚನೆಯಾಗಿ ನೂರೈವತ್ತು ವರ್ಷಗಳ ಆಸುಪಾಸಿನಲ್ಲೇ, ಅದೇ ಭಾಷೆಯಾಡುವ ವಿದ್ವಾಂಸನಿಗೇ ಅರ್ಥ ಕೈಗೆ ಸಿಗಲಿಲ್ಲ ಎಂಬುದು ಗಮನಾರ್ಹ.

ಇನ್ನೊಂದು ತೊಡಕೂ ಇದೆ. ಯೇಸು ಮಾತನಾಡುತ್ತಿದ್ದುದು ಅರಮಾಯಿಕ್ ಭಾಷೆ. ಅವನು ಆಡಿದ್ದಿರಬಹುದಾದ ಮೂಲ ಪದ ಯಾವುದೆಂಬುದಕ್ಕೆ ದಾಖಲೆಯಿಲ್ಲ. ಹೆಸರು ತಿಳಿಯದ ಅನುವಾದಕನೊಬ್ಬ ಅದನ್ನು ಗ್ರೀಕಿಗೆ ತರುವಾಗ ಇದ್ದ ಪದಗಳು ಸಾಲವೆನ್ನಿಸಿ ಹೊಸದೊಂದನ್ನು ಕಟ್ಟಿರಬೇಕು. ಕಟ್ಟಿದವನಿಗೆ ಅರ್ಥ ಗೊತ್ತಿತ್ತು. ಮುಂದಿನವರ ಪಾಲಿಗೆ ಪದವಷ್ಟೇ ಉಳಿಯಿತು.

ಬಿಡಿಸಿ ನೋಡಿದರೆ

ಬಳಕೆಯಿಂದ ಅರ್ಥ ಹೊಳೆಯದಿದ್ದರೆ ಪದವನ್ನು ಬಿಡಿಸಿ ನೋಡುವುದು ವ್ಯಾಕರಣದ ದಾರಿ. ಮೊದಲ ಭಾಗ 'ಎಪಿ' ಒಂದು ಉಪಸರ್ಗ; ಅದಕ್ಕೆ 'ಮೇಲೆ', 'ಕಡೆಗೆ' ಮುಂತಾದ ಅರ್ಥಗಳಿವೆ. ಜಗಳವಿರುವುದು ಉಳಿದ ಭಾಗದ ಬಗ್ಗೆ.

ಒಂದು ವಾದದ ಪ್ರಕಾರ ಅದು 'ಊಸಿಯ' ಎಂಬ ನಾಮಪದ. ಇರವು, ಸತ್ತ್ವ ಎಂದು ಅದರ ಅರ್ಥ. ಹಾಗಾದರೆ ಇದು ಬದುಕಿರಲು ಬೇಕಾದಷ್ಟು ರೊಟ್ಟಿ. ಅಥವಾ ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಎಲ್ಲ ಸತ್ತ್ವಕ್ಕೂ ಮೇಲಾದ ಅಲೌಕಿಕ ರೊಟ್ಟಿ. ಒರಿಗೆನ್ ಒಲಿದದ್ದು ಈ 'ಸತ್ತ್ವ'ದ ಕಡೆಗೆ. ಅವನ ಮಟ್ಟಿಗೆ ಇದು ಆತ್ಮವನ್ನು ಪೋಷಿಸುವ ರೊಟ್ಟಿ.

ಇನ್ನೊಂದು ವಾದದ ಪ್ರಕಾರ ಪದದ ಬೇರು ಇರುವುದು 'ಬರು', 'ಸಮೀಪಿಸು' ಎಂಬ ಅರ್ಥದ ಕ್ರಿಯಾಪದದಲ್ಲಿ. ಗ್ರೀಕಿನಲ್ಲಿ 'ಎಪಿಯೂಸ' ಎಂದರೆ 'ಬರುವ ದಿನ', ಅಂದರೆ ಮರುದಿನ. ಇದು ಅಪರೂಪದ ಮಾತಲ್ಲ. ಲೂಕನೇ ಬರೆದನೆನ್ನುವ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಐದು ಕಡೆ ಬಂದಿದೆ. ಹಾಗಾದರೆ ಪ್ರಾರ್ಥನೆಯಲ್ಲಿ ಬೇಡುತ್ತಿರುವುದು ನಾಳೆಯ ರೊಟ್ಟಿ.

ಕನ್ನಡ ವ್ಯಾಕರಣದ ಲೋಪಸಂಧಿ ಬಲ್ಲವರಿಗೆ ಈ ಜಗಳದ ಸೂಕ್ಷ್ಮ ಸುಲಭವಾಗಿ ತಿಳಿಯುತ್ತದೆ. 'ಊರು' ಮತ್ತು 'ಅಲ್ಲಿ' ಸೇರಿದಾಗ ನಡುವಿನ ಉಕಾರ ಬಿದ್ದು 'ಊರಲ್ಲಿ' ಎಂದಾಗುತ್ತದಲ್ಲವೇ? ಗ್ರೀಕಿನಲ್ಲೂ 'ಎಪಿ'ಯ ಮುಂದೆ ಸ್ವರ ಬಂದರೆ ಅದರ ಇಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. 'ಎಪಿ'ಗೆ ಆಕಾಶ ಎಂಬರ್ಥದ 'ಊರನೊಸ್' ಸೇರಿದರೆ 'ಎಪೂರಾನಿಯೊಸ್', ಅಂದರೆ ಸ್ವರ್ಗೀಯ. ಅದೇ ಲೆಕ್ಕದಲ್ಲಿ 'ಊಸಿಯ' ಸೇರಿದ್ದರೆ 'ಎಪೂಸಿಯೊಸ್' ಆಗಬೇಕಿತ್ತು. ಆದರೆ ಇಲ್ಲಿ ಇಕಾರ ಉಳಿದಿದೆ. 'ಬರು' ಎಂಬ ಕ್ರಿಯಾಪದದಲ್ಲಾದರೋ ಆ ಇಕಾರ ಧಾತುವಿನದೇ ಆದ್ದರಿಂದ ಉಳಿಯುವುದು ಸಹಜ. ಹೀಗಾಗಿ ವ್ಯಾಕರಣದ ತಕ್ಕಡಿ 'ನಾಳೆ'ಯ ಕಡೆಗೆ ವಾಲುತ್ತದೆ. ಆದರೆ ಸಂಧಿನಿಯಮಕ್ಕೆ ಅಪವಾದಗಳೂ ಇರುವುದರಿಂದ ಇದನ್ನೇ ಕೊನೆಯ ತೀರ್ಪು ಎನ್ನುವಂತಿಲ್ಲ.

ಜೆರೋಮನ ಇಬ್ಬಂದಿ

ಅರ್ಥ ಗೊತ್ತಿಲ್ಲವೆಂದು ಪಂಡಿತ ಸುಮ್ಮನಿರಬಹುದು, ಅನುವಾದಕ ಸುಮ್ಮನಿರುವಂತಿಲ್ಲ. ಏನಾದರೊಂದು ಬರೆಯಲೇಬೇಕು. ಈ ಸಂಕಟವನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವನು ಜೆರೋಮ್. ಕ್ರಿ.ಶ. 382ರ ಸುಮಾರಿಗೆ ಪೋಪ್ ದಮಾಸಸ್ ಆಣತಿಯಂತೆ ಅವನು ಲ್ಯಾಟಿನ್ ಸುವಾರ್ತೆಗಳನ್ನು ಗ್ರೀಕ್ ಮೂಲದೊಂದಿಗೆ ತಾಳೆ ನೋಡಿ ಪರಿಷ್ಕರಿಸಲು ಕುಳಿತ. ಹಳೆಯ ಲ್ಯಾಟಿನ್ ಪಾಠದಲ್ಲಿ 'ದಿನನಿತ್ಯದ' ಎಂಬ ಪದವಿತ್ತು. ಲೂಕನ ಸುವಾರ್ತೆಯಲ್ಲಿ ಜೆರೋಮ್ ಅದನ್ನು ಹಾಗೇ ಬಿಟ್ಟ. ಮತ್ತಾಯನ ಸುವಾರ್ತೆಯಲ್ಲಿ ಮಾತ್ರ ಅದನ್ನು ತೆಗೆದು 'ಸತ್ತ್ವಕ್ಕೆ ಮೇಲಾದ' ಎಂಬ ಅರ್ಥದ ಭಾರವಾದ ಪದವೊಂದನ್ನು ಇಟ್ಟ. ಗ್ರೀಕಿನಲ್ಲಿ ಒಂದೇ ಪದ. ಲ್ಯಾಟಿನ್ನಿನಲ್ಲಿ ಒಬ್ಬನೇ ಪಂಡಿತನ ಕೈಯಲ್ಲಿ ಎರಡು ರೊಟ್ಟಿ!

ಅಷ್ಟೇ ಅಲ್ಲ. ಮುಂದೆ 398ರಲ್ಲಿ ಮತ್ತಾಯನ ಸುವಾರ್ತೆಗೆ ವ್ಯಾಖ್ಯಾನ ಬರೆಯುವಾಗ ಜೆರೋಮ್ ಮೂರನೆಯ ಸಾಧ್ಯತೆಯನ್ನೂ ಹೇಳಿದ. ಯೆಹೂದಿ ಕ್ರೈಸ್ತರು ಬಳಸುತ್ತಿದ್ದ, ಈಗ ಕಳೆದುಹೋಗಿರುವ 'ಇಬ್ರಿಯರ ಸುವಾರ್ತೆ'ಯಲ್ಲಿ ಈ ಜಾಗದಲ್ಲಿ 'ಮಾಹಾರ್' ಎಂಬ ಪದವಿದೆ ಎಂದು ಅವನು ತಿಳಿಸಿದ್ದಾನೆ. 'ಮಾಹಾರ್' ಎಂದರೆ ನಾಳೆ. ಯೇಸುವಿನ ಭಾಷೆಗೆ ಹತ್ತಿರದ ಸಾಕ್ಷ್ಯವೆಂದು ಹಲವು ವಿದ್ವಾಂಸರು ಈ ಪುಟ್ಟ ಟಿಪ್ಪಣಿಗೆ ಹೆಚ್ಚಿನ ಬೆಲೆ ಕೊಡುತ್ತಾರೆ.

ಬೇರೆ ಪುರಾತನ ಅನುವಾದಗಳನ್ನು ತೆರೆದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಅರಮಾಯಿಕ್‌ನದೇ ಒಂದು ರೂಪವಾದ ಸಿರಿಯಾಕ್ ಭಾಷೆಯ ಹಳೆಯ ಪಾಠದಲ್ಲಿ ಇದು 'ನಿರಂತರವಾದ' ರೊಟ್ಟಿ. ಅನಂತರದ ಪಾಠದಲ್ಲಿ 'ನಮ್ಮ ಅಗತ್ಯದ' ರೊಟ್ಟಿ. ಈಜಿಪ್ಟಿನ ಕೋಪ್ಟಿಕ್ ಅನುವಾದಗಳಲ್ಲಿ 'ಬರಲಿರುವ', 'ನಾಳೆಯ' ರೊಟ್ಟಿ. ಒಂದೊಂದು ಸೀಮೆಯ ಭಕ್ತರು ಒಂದೊಂದು ಬಗೆಯ ರೊಟ್ಟಿ ಬೇಡುತ್ತಿದ್ದರು. ಎಲ್ಲರೂ ಹೇಳುತ್ತಿದ್ದುದು ಒಂದೇ ಪ್ರಾರ್ಥನೆ.

ಖರ್ಚಿನ ಪಟ್ಟಿಯ ಕಥೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಕಥೆಗೆ ಪತ್ತೇದಾರಿ ತಿರುವು ಸಿಕ್ಕಿತು. ಈಜಿಪ್ಟಿನ ಒಣ ಮರಳಿನಲ್ಲಿ ಪಪೈರಸ್ ಹಾಳೆಗಳು ರಾಶಿರಾಶಿಯಾಗಿ ಸಿಗತೊಡಗಿದ ಕಾಲವದು. ಕಾಗದಪತ್ರ, ಕರಾರು, ರಸೀದಿ, ಲೆಕ್ಕದ ಚೀಟಿ ಹೀಗೆ ಜನಸಾಮಾನ್ಯರ ಬರಹಗಳು ಬೆಳಕಿಗೆ ಬಂದವು. ಬೈಬಲಿನಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಎಷ್ಟೋ ಪದಗಳು ಅಂದಿನ ಬೀದಿಯ ಮಾತೇ ಆಗಿದ್ದವೆಂದು ಅವುಗಳಿಂದ ಗೊತ್ತಾಯಿತು.

ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅವರು ಫಯೂಮ್ ಪ್ರಾಂತದ ಹವಾರದಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ ಒಂದು ಮನೆಖರ್ಚಿನ ಪಟ್ಟಿಯೂ ಇತ್ತು. ಆಕ್ಸ್‌ಫರ್ಡಿನ ಎ.ಎಚ್. ಸೇಸ್ ಅದನ್ನು ಓದಿದರು. 1889ರಲ್ಲಿ ಪೆಟ್ರಿ ಅವರ ಪುಸ್ತಕದಲ್ಲಿ ಅದು ಅಚ್ಚಾಯಿತು. ಪಟ್ಟಿಯ ಒಂದು ಸಾಲಿನಲ್ಲಿ 'ಎಪಿಯೂಸಿ' ಎಂಬಲ್ಲಿಗೆ ತುಂಡಾದ ಪದವಿದೆ ಎಂದು ಅವರ ಓದು ಹೇಳುತ್ತಿತ್ತು. ಅದರ ಮಹತ್ವ ಆಗ ಯಾರಿಗೂ ಹೊಳೆಯಲಿಲ್ಲ. 1915ರಲ್ಲಿ ಜರ್ಮನಿಯ ಪ್ರೈಸಿಗ್ಕೆ ಅವರ ಪಪೈರಸ್ ಸಂಕಲನದಲ್ಲಿ ಆ ಪಟ್ಟಿ ಮತ್ತೆ ಅಚ್ಚಾಯಿತು. 1920ರ ದಶಕದಲ್ಲಿ ವಿದ್ವಾಂಸರು ಅದರ ಮೇಲೆ ಕಣ್ಣಿಟ್ಟಾಗ ಸಂಭ್ರಮವೋ ಸಂಭ್ರಮ! ಕೊನೆಗೂ ಬೈಬಲಿನ ಹೊರಗೆ ಆ ಪದ ಸಿಕ್ಕಿತ್ತು, ಅದೂ ಅಡುಗೆಮನೆಯ ಲೆಕ್ಕದಲ್ಲಿ. ರೋಮನ್ ಸಿಪಾಯಿಗಳಿಗೂ ಆಳುಗಳಿಗೂ ದಿನದ ಪಡಿ ಕೊಡುವ ಪದ್ಧತಿಯಿತ್ತು. ಇದೂ ಅಂಥದೇ 'ದಿನದ ಪಡಿ' ಇರಬೇಕೆಂದು ಹಲವರು ತೀರ್ಮಾನಿಸಿದರು. ನಿಘಂಟುಗಳಲ್ಲೂ ಅದರ ಉಲ್ಲೇಖ ಸೇರಿತು.

ಆದರೆ ಮೂಲ ಹಾಳೆಯನ್ನು ಮತ್ತೊಮ್ಮೆ ನೋಡೋಣವೆಂದರೆ ಅದು ಎಲ್ಲಿದೆಯೆಂದೇ ಗೊತ್ತಿಲ್ಲ! ಸೇಸ್ ಅವರ ಓದನ್ನು ನಂಬುವುದು ಹೇಗೆ ಎಂದು ಅಮೆರಿಕದ ವಿದ್ವಾಂಸ ಬ್ರೂಸ್ ಮೆಟ್ಸ್‌ಗರ್ 1950ರ ದಶಕದಲ್ಲಿ ಸಂಶಯವೆತ್ತಿದರು. ಸಂಶಯ ಪರಿಹಾರವಾಗಲು ನಾಲ್ಕು ದಶಕ ಬೇಕಾಯಿತು. 1998ರಲ್ಲಿ ಆ ಪಪೈರಸ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಅದನ್ನು ಪರೀಕ್ಷಿಸಿದ ನೈಮನ್ ಮತ್ತು ವೊರ್ಪ್ ಎಂಬ ವಿದ್ವಾಂಸರು 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಬರೆದಿದ್ದುದು 'ಎಪಿಯೂಸಿ' ಅಲ್ಲ, 'ಎಲಾಯೂ'. ಅಂದರೆ ಎಣ್ಣೆ!

ಹೀಗೆ ಸಿಕ್ಕಿದ್ದ ಒಂದೇ ಒಂದು ಹೊರಗಿನ ಸಾಕ್ಷಿಯೂ ಎಣ್ಣೆಯ ಲೆಕ್ಕಕ್ಕೆ ಜಮೆಯಾಯಿತು. ಒರಿಗೆನ್ ಹದಿನೇಳು ಶತಮಾನಗಳ ಹಿಂದೆ ಎಲ್ಲಿ ನಿಂತಿದ್ದನೋ ವಿದ್ವಾಂಸರು ಮತ್ತೆ ಅಲ್ಲಿಗೇ ಬಂದು ನಿಂತರು.

ಹೊಟ್ಟೆಯದೋ, ಆತ್ಮದ್ದೋ?

ಒಂದು ವಿಶೇಷಣಕ್ಕಾಗಿ ಇಷ್ಟೊಂದು ತಲೆಬಿಸಿ ಏಕೆ ಎಂದು ಕೇಳಬಹುದು. ಆದರೆ ಈ ಪದದ ಅರ್ಥ ನಿಂತಿರುವುದು ಬಹಳ ದೊಡ್ಡ ಪ್ರಶ್ನೆಯೊಂದರ ಮೇಲೆ. ಮನುಷ್ಯ ದೇವರೆದುರು ನಿಂತಾಗ ಹೊಟ್ಟೆಯ ಮಾತು ಎತ್ತಬಹುದೇ? ಅಥವಾ ಅಲ್ಲಿ ಕೇಳಬೇಕಾದದ್ದು ಆತ್ಮದ ಹಸಿವನ್ನು ಇಂಗಿಸುವ ಆಹಾರವನ್ನು ಮಾತ್ರವೇ?

ಒರಿಗೆನ್‌ನಂಥವರಿಗೆ ಗೋಧಿಯ ರೊಟ್ಟಿ ಈ ಪ್ರಾರ್ಥನೆಗೆ ಚಿಕ್ಕದೆನ್ನಿಸಿತು. ನಾಲ್ಕನೇ ಶತಮಾನದ ನಿಸ್ಸದ ಗ್ರೆಗರಿಗೆ ಹಾಗೆನ್ನಿಸಲಿಲ್ಲ. ಕೇಳಲು ಹೇಳಿರುವುದು ರೊಟ್ಟಿಯನ್ನು ಮಾತ್ರ, ಮೃಷ್ಟಾನ್ನವನ್ನಾಗಲಿ ಐಶ್ವರ್ಯವನ್ನಾಗಲಿ ಅಲ್ಲ ಎಂಬುದು ಅವನ ಬೋಧನೆ. ಇನ್ನೊಬ್ಬರ ಕಣ್ಣೀರಿನಿಂದ ಗಳಿಸಿದ ರೊಟ್ಟಿ ದೇವರು ಕೊಟ್ಟದ್ದಲ್ಲ ಎಂದೂ ಅವನು ಎಚ್ಚರಿಸಿದ. ಅದೇ ಶತಮಾನದ ಕೊನೆಯಲ್ಲಿ ಅಗಸ್ಟೀನ್ ಎಲ್ಲ ಅರ್ಥಗಳಿಗೂ ಜಾಗ ಮಾಡಿಕೊಟ್ಟ. ದೇಹದ ಅನ್ನ, ಪ್ರಭುಭೋಜನದ ರೊಟ್ಟಿ, ದೇವರ ವಾಕ್ಯ, ಮೂರೂ ಇದರಲ್ಲಿವೆ ಎಂದ.

ಸುಧಾರಣೆಯ ಕಾಲದಲ್ಲಿ ಮಾರ್ಟಿನ್ ಲೂಥರ್ ಒಬ್ಬನಲ್ಲೇ ಈ ಎರಡೂ ನೋಟಗಳು ಕಾಣಸಿಗುತ್ತವೆ. 1519ರಲ್ಲಿ ಪ್ರಾರ್ಥನೆಗೆ ವಿವರಣೆ ಬರೆದಾಗ ಅವನಿಗೆ ಆ ರೊಟ್ಟಿ ದೇವರ ವಾಕ್ಯವಾಗಿತ್ತು. ಹತ್ತು ವರ್ಷಗಳ ಬಳಿಕ, 1529ರಲ್ಲಿ, ಮಕ್ಕಳಿಗೂ ಮನೆಮಂದಿಗೂ ಪ್ರಶ್ನೋತ್ತರ ರೂಪದ ಪುಸ್ತಕ ಬರೆದಾಗ ರೊಟ್ಟಿ ಎಂದರೆ ಬದುಕಿಗೆ ಬೇಕಾದದ್ದೆಲ್ಲ ಎಂದು ವಿವರಿಸಿದ. ಊಟ, ಬಟ್ಟೆ, ಮನೆ, ಹೊಲ, ದನಕರು, ಹಣಕಾಸು, ಒಳ್ಳೆಯ ಸಂಗಾತಿ, ಒಳ್ಳೆಯ ಆಡಳಿತ, ಸಕಾಲದ ಮಳೆಬಿಸಿಲು, ಆರೋಗ್ಯ, ಕೊನೆಗೆ ಒಳ್ಳೆಯ ನೆರೆಹೊರೆ ಕೂಡ ಅವನ ಪಟ್ಟಿಯಲ್ಲಿತ್ತು.

ಇಂಗ್ಲಿಷಿನಲ್ಲೂ ಇದೇ ಕಥೆ. 1380ರ ದಶಕದಲ್ಲಿ ವಿಕ್ಲಿಫನ ಬಳಗ ಲ್ಯಾಟಿನ್ನಿನಿಂದ ಅನುವಾದಿಸಿದ್ದರಿಂದ ಅವರ ಮತ್ತಾಯನ ಸುವಾರ್ತೆಯಲ್ಲಿ ಬಂದದ್ದು ಜೆರೋಮನ ಅಲೌಕಿಕ ರೊಟ್ಟಿ. 1526ರಲ್ಲಿ ಗ್ರೀಕಿನಿಂದಲೇ ಅನುವಾದಿಸಿದ ಟಿಂಡೇಲ್ 'ದಿನನಿತ್ಯದ' ಎಂಬ ಪದವನ್ನು ಆರಿಸಿದ. ಇಂಗ್ಲಿಷರ ಬಾಯಲ್ಲಿ ಇಂದಿಗೂ ಉಳಿದಿರುವುದು ಅದೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವಂತೂ ಒಂದೇ ಅರ್ಥಕ್ಕೆ ಕಟ್ಟುಬೀಳದೆ, ಇಂದಿನ ರೊಟ್ಟಿ, ಬದುಕಿಗೆ ಬೇಕಾದ ರೊಟ್ಟಿ, ಸತ್ತ್ವಕ್ಕೆ ಮೇಲಾದ ರೊಟ್ಟಿ ಎಂಬ ಅರ್ಥಗಳನ್ನು ಒಟ್ಟಿಗೇ ಇಟ್ಟುಕೊಂಡಿದೆ.

ಕೂಲಿಯವನ ನಾಳೆ

ಪದ ಹುಟ್ಟಿದ ನೆಲವನ್ನು ನೋಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಯೇಸುವಿನ ಮಾತು ಕೇಳಲು ನೆರೆಯುತ್ತಿದ್ದವರಲ್ಲಿ ಅಂದು ದುಡಿದು ಅಂದೇ ಉಣ್ಣುವ ಜನರೂ ಇದ್ದರು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಸಾಮತಿಯಲ್ಲಿ ದ್ರಾಕ್ಷಿತೋಟದ ಯಜಮಾನ ಪೇಟೆಯಲ್ಲಿ ಕೆಲಸಕ್ಕಾಗಿ ಕಾದು ನಿಂತವರನ್ನು ಕರೆತರುತ್ತಾನೆ. ಸಂಜೆಗೆ ಎಲ್ಲರಿಗೂ ಒಂದೊಂದು ದಿನಾರಿ ಕೊಡುತ್ತಾನೆ. ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಬಡವನ ಜೀವ ಅದರಲ್ಲೇ ಇರುತ್ತದೆ ಎಂಬುದು ಅದಕ್ಕೆ ಕಾರಣ.

ಸಂಜೆ ಕೈಗೆ ಬಂದ ಕೂಲಿಯಿಂದ ಕೊಳ್ಳುವ ಹಿಟ್ಟು ಬೆಳಿಗ್ಗೆ ರೊಟ್ಟಿಯಾಗುತ್ತದೆ. ಅಂಥ ಮನೆಯಲ್ಲಿ ನಾಳೆಯ ರೊಟ್ಟಿಯನ್ನು ಇಂದು ಕೊಡು ಎಂದು ಬೇಡುವುದು ದುರಾಸೆಯಲ್ಲ. ಮಕ್ಕಳು ಹಸಿದು ಏಳದಿರಲಿ ಎಂಬ ಕಳಕಳಿ ಅಷ್ಟೆ. 1871ರಲ್ಲಿ ಇಂಗ್ಲೆಂಡಿನ ಲೈಟ್‌ಫುಟ್ ಎಂಬ ವಿದ್ವಾಂಸರು ಇನ್ನೊಂದು ಅಂಶವನ್ನು ಎತ್ತಿ ತೋರಿಸಿದರು. 'ಬರುವ ದಿನ' ಎಂಬ ಮಾತನ್ನು ಬೆಳಗಿನ ಜಾವದಲ್ಲಿ ಆಡಿದರೆ ಅದು ಆಗ ತಾನೇ ತೆರೆದುಕೊಳ್ಳುತ್ತಿರುವ ದಿನ. ರಾತ್ರಿ ಆಡಿದರೆ ಮರುದಿನ. ಹಾಗೆ ನೋಡಿದರೆ ಇಂದು, ನಾಳೆಗಳ ಜಗಳ ಅರ್ಧಕ್ಕರ್ಧ ಕರಗುತ್ತದೆ.

ಆದರೆ ಆಕ್ಷೇಪವೂ ಇದೆ. ಅದೇ ಮತ್ತಾಯನ 6ನೇ ಅಧ್ಯಾಯದ ಕೊನೆಯಲ್ಲಿ ನಾಳೆಯ ಚಿಂತೆ ಬೇಡವೆಂದು ಯೇಸು ಹೇಳುತ್ತಾನೆ. ವಿಮೋಚನಕಾಂಡದಲ್ಲಿ ಮರುಭೂಮಿಯ ಇಸ್ರಾಯೇಲರಿಗೆ ಬಿದ್ದ ಮನ್ನವನ್ನು ಅಂದಂದಿಗೆ ಬೇಕಾದಷ್ಟೇ ಆಯ್ದುಕೊಳ್ಳಬೇಕಿತ್ತು. ಮರುದಿನಕ್ಕೆಂದು ಇಟ್ಟುಕೊಂಡದ್ದು ಹುಳುಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಆಯಬಹುದಿತ್ತು. 'ದಿದಾಖೆ'ಯೂ ಇದೇ ಮನೋಭಾವದ್ದು. ಊರೂರು ಸುತ್ತುವ ಬೋಧಕ ಹೊರಟಾಗ ಮುಂದಿನ ತಂಗುದಾಣದವರೆಗೆ ಸಾಲುವಷ್ಟು ರೊಟ್ಟಿಯನ್ನು ಮಾತ್ರ ಒಯ್ಯಬೇಕೆಂಬ ನಿಯಮ ಅದರಲ್ಲಿದೆ. ಹೀಗಿರುವಾಗ ನಾಳೆಯದನ್ನು ಬೇಡುವುದು ಹೇಗೆ? ಇಪ್ಪತ್ತನೇ ಶತಮಾನದ ಜರ್ಮನ್ ವಿದ್ವಾಂಸ ಯೋವಾಕಿಮ್ ಯೆರೆಮಿಯಾಸ್ ಇದಕ್ಕೆ ಬೇರೆಯೇ ಉತ್ತರ ಕೊಟ್ಟರು. ಇದು ಬರಿಯ ಮರುದಿನವಲ್ಲ, ದೇವರ ರಾಜ್ಯ ಬರುವ ಮಹಾ ನಾಳೆ. ಅಲ್ಲಿ ಎಲ್ಲರೂ ಕುಳಿತು ಉಣ್ಣುವ ಔತಣದ ರೊಟ್ಟಿಯನ್ನು ಇಂದೇ ಕೊಡು ಎಂಬ ಬೇಡಿಕೆ ಇದು ಎಂದರು. ಆ ನಾಳೆ ಇಂದಿನ ಹಸಿವನ್ನೂ ಒಳಗೊಂಡದ್ದು ಎಂಬುದನ್ನು ಅವರು ಮರೆಯಲಿಲ್ಲ.

ಕನ್ನಡಕ್ಕೆ ಬಂದಾಗ

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಬಳಿಕ ಹಲವು ಪರಿಷ್ಕರಣೆಗಳಾದವು. ಕನ್ನಡ ಕ್ರೈಸ್ತರ ಬಾಯಲ್ಲಿ ಈಗ ಇರುವುದು 'ಅನುದಿನದ ಆಹಾರ'. ಐದು ರೊಟ್ಟಿ, ಎರಡು ಮೀನಿನ ಕಥೆಯಲ್ಲಿ ರೊಟ್ಟಿಯಾಗಿಯೇ ಉಳಿದ ಗ್ರೀಕ್ ಪದ ಈ ಪ್ರಾರ್ಥನೆಯಲ್ಲಿ ಆಹಾರವಾಗಿದೆ. ಮುದ್ದೆ ಉಣ್ಣುವ ಸೀಮೆಯವರಿಗೂ ಜೋಳದ ರೊಟ್ಟಿ ತಿನ್ನುವವರಿಗೂ ಗಂಜಿ ಕುಡಿಯುವ ಕರಾವಳಿಯವರಿಗೂ ಈ ಪದ ಒಗ್ಗುತ್ತದೆ.

'ಅನುದಿನ' ಎಂದರೆ ಪ್ರತಿದಿನ. ಆದರೆ 'ಅನು' ಎಂಬ ಉಪಸರ್ಗಕ್ಕೆ 'ಹಿಂದೆಯೇ ಬರುವ' ಎಂಬ ಅರ್ಥವೂ ಇದೆ. ಅನುಸರಿಸು, ಅನುಚರ ಎಂಬ ಪದಗಳಲ್ಲಿ ಅದನ್ನು ಕಾಣಬಹುದು. ಒಂದು ದಿನದ ಬೆನ್ನಿಗೆ ಇನ್ನೊಂದು ದಿನ ಬರುವುದೇ ಅನುದಿನ. 'ಬರುವ ದಿನ'ದ ಗ್ರೀಕ್ ಪದಕ್ಕೆ ಇದು ಕಾಕತಾಳೀಯವಾಗಿ ಹತ್ತಿರವೇ ಇದೆ.

ಎಪಿಯೂಸಿಯೊಸ್ ಪದದ ಅರ್ಥ ಮುಂದೆಂದಾದರೂ ಇನ್ನೊಂದು ಪಪೈರಸ್ ಚೂರಿನಿಂದ ಖಚಿತವಾಗಬಹುದು, ಆಗದೆಯೂ ಇರಬಹುದು. ಇಷ್ಟಂತೂ ನಿಜ: ಇಂದಿನದು, ನಾಳೆಯದು, ಅಗತ್ಯದ್ದು, ಅಲೌಕಿಕವಾದದ್ದು ಎಂದು ಪಂಡಿತರು ಎಷ್ಟೇ ವಾದಿಸಿದರೂ, ಅದರ ಪಕ್ಕದಲ್ಲಿರುವ ಎರಡು ಪದಗಳ ಬಗ್ಗೆ ಯಾರಿಗೂ ಅನುಮಾನವಿಲ್ಲ. ಒಂದು 'ರೊಟ್ಟಿ', ಇನ್ನೊಂದು 'ನಮಗೆ'. ಇದು 'ನನಗೆ' ಎಂದು ಬೇಡುವ ಪ್ರಾರ್ಥನೆಯಲ್ಲ. ಬೇಡುವವನು ತನ್ನ ಹೊಟ್ಟೆಯ ಜೊತೆಗೆ ಪಕ್ಕದ ಮನೆಯವನ ಹೊಟ್ಟೆಯನ್ನೂ ಸೇರಿಸಿಕೊಂಡೇ ಬೇಡಬೇಕು. ಅಷ್ಟು ತಿಳಿಯಲು ಗ್ರೀಕ್ ನಿಘಂಟು ಬೇಕಿಲ್ಲ.